ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಮೂವತ್ತೇಳು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ಈಗ ನಿವೃತ್ತಳಾದವಳು ನಾನು. ರಾತ್ರಿ ಪಾಳಿಯಲ್ಲಿ ಕೇಸ್ ಶೀಟ್ ಬರೆದು ಅಭ್ಯಾಸವೇ ಹೊರತು ಲೇಖನ ಬರೆದವಳಲ್ಲ. ಆದರೆ ಯಾರ ಬಗ್ಗೆಯಾದರೂ ಬರೆಯಬಹುದು ಎಂದು ಅವರು ಹೇಳಿದ ಮೇಲೆ ಒಂದು ಹೆಸರು ನನ್ನ ಮನಸ್ಸಿಗೆ ಬಂತು. ಆ ಹೆಸರಿಗೂ ನಾನು ಈ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿದ್ದಕ್ಕೂ ಸಂಬಂಧವಿದೆ. ಹಾಗಾಗಿ ಒಪ್ಪಿಕೊಂಡೆ.

ನಾನು 1977ರಲ್ಲಿ ಎಂಟನೇ ತರಗತಿಗೆ ಸೇರಿದೆ. ಆಗ ಶಾಲೆಗೆ ಎರಡೇ ಕೊಠಡಿ, ಮೇಲೆ ಕಲ್ನಾರು ಶೀಟು. ಮಳೆ ಬಂದರೆ ಪಾಠ ಕೇಳಿಸುತ್ತಿರಲಿಲ್ಲ. ಅಂಥ ಒಂದು ಮಳೆಯ ಮಧ್ಯಾಹ್ನ ನಮ್ಮ ವಿಜ್ಞಾನದ ಮೇಷ್ಟ್ರು ಪುಸ್ತಕ ಮುಚ್ಚಿ, ಹುಡುಗರನ್ನೆಲ್ಲ ಹತ್ತಿರ ಕೂರಿಸಿಕೊಂಡು ಆಲ್ಬರ್ಟ್ ಶ್ವೈಟ್ಜರ್ ಅವರ ಕಥೆ ಹೇಳಿದರು. ಯೂರೋಪಿನಲ್ಲಿ ದೊಡ್ಡ ವಿದ್ವಾಂಸ, ದೊಡ್ಡ ಸಂಗೀತಗಾರ ಎನಿಸಿಕೊಂಡಿದ್ದವರು ಮೂವತ್ತು ವಯಸ್ಸಿನ ಮೇಲೆ ವೈದ್ಯಕೀಯ ಓದಿ, 1913ರಲ್ಲಿ ಆಫ್ರಿಕಾದ ಗಬಾನ್ ಎಂಬಲ್ಲಿ ನದೀತೀರದ ಲ್ಯಾಂಬರೀನ್ ಎಂಬ ಊರಿಗೆ ಹೋಗಿ, ಹಳೆಯ ಕೋಳಿಗೂಡೊಂದನ್ನು ತೊಳೆದು ಸುಣ್ಣ ಬಳಿದು ಅದರಲ್ಲೇ ರೋಗಿಗಳನ್ನು ನೋಡಲು ಶುರು ಮಾಡಿದರಂತೆ. ಕಾಡಿನ ತಾಯಂದಿರು ದೋಣಿಗಳಲ್ಲಿ ಮಕ್ಕಳನ್ನು ಹೊತ್ತು ತರುತ್ತಿದ್ದರಂತೆ. ನಾನು ಆ ಹೊತ್ತು ಪಾಠ ಕೇಳುತ್ತಿದ್ದುದು ಅರ್ಧ ಮನಸ್ಸಿನಿಂದ. ಮನೆಯಲ್ಲಿ ನನ್ನ ಆರು ವರ್ಷದ ತಮ್ಮ ಹಾಸಿಗೆ ಹಿಡಿದಿದ್ದ. ಅವನನ್ನು ಎತ್ತಿಕೊಂಡು ಹೋಗಲು ನಮಗೆ ದೋಣಿಯೂ ಇಲ್ಲ, ಶ್ವೈಟ್ಜರರೂ ಇಲ್ಲ ಎಂದು ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

ತಮ್ಮ ಹುಟ್ಟಿದಾಗಿನಿಂದಲೂ ಸೊರಗಿದ ಮಗು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು, ತಿಂಗಳಿಗೊಮ್ಮೆ ಜ್ವರ, ಕೆಮ್ಮು. ಮೈ ಹತ್ತುತ್ತಲೇ ಇರಲಿಲ್ಲ. ಎದೆಗೆ ಕಿವಿ ಇಟ್ಟರೆ ಗಿರಣಿ ತಿರುಗಿದ ಹಾಗೆ ಸದ್ದು. ತಾಯಿತ ಕಟ್ಟಿಸಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಹೃದಯದಲ್ಲಿ ತೂತಿದೆ, ಹೆಚ್ಚು ದಿನ ಉಳಿಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. ಮಾಲೂರು ಕಡೆಯ ನಮ್ಮ ಸೋದರಮಾವ ಮಾತ್ರ ವೆಲ್ಲೂರಿಗೆ ಒಂದು ಸಲ ತೋರಿಸಿ ನೋಡೋಣ ಎಂದು ಪಟ್ಟು ಹಿಡಿದರು. ಅಪ್ಪ ಜೋಡೆತ್ತು ಮಾರಿದರು. ವೈಟ್‌ಫೀಲ್ಡ್ ಸ್ಟೇಷನ್ ಇರುವುದು ಕಾಡುಗೋಡಿಯಲ್ಲಿ. ಅಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಜೋಲಾರಪೇಟೆಯಲ್ಲಿ ಇಳಿದು ಬೇರೆ ಗಾಡಿ ಹಿಡಿದು, ಕಾಟ್ಪಾಡಿಯಲ್ಲಿ ಇಳಿದೆವು. ಹೆಚ್ಚೆಂದರೆ ಇನ್ನೂರು ಕಿಲೋಮೀಟರ್ ದಾರಿ. ಆಗ ನಮಗೆ ಅದೇ ಆಫ್ರಿಕಾ. ಅಡುಗೆ ಮಾಡಿಕೊಡಲು, ತಮ್ಮನನ್ನು ನೋಡಿಕೊಳ್ಳಲು ಎಂದು ನನ್ನನ್ನೂ ಶಾಲೆ ಬಿಡಿಸಿ ಕರೆದೊಯ್ದಿದ್ದರು. ಹೇಗೂ ಆ ವರ್ಷಕ್ಕೆ ನನ್ನ ಓದು ಸಾಕು ಎಂದು ಅಪ್ಪ ಆಗಲೇ ತೀರ್ಮಾನ ಮಾಡಿದ್ದರು.

ಆ ಆಸ್ಪತ್ರೆಯಲ್ಲಿ ನಾನು ಮೊದಲು ಕಂಡದ್ದು ಒಬ್ಬ ಮುದುಕಿಯ ಪಟ. ಬಿಳಿ ಕೂದಲು, ನಗುಮುಖ, ಬಿಳಿಯ ದೊರೆಸಾನಿ. ಅಮ್ಮ ಅದರ ಮುಂದೆ ನಿಂತು ಕೈ ಮುಗಿದರು. ಯಾರೋ ಆಸ್ಪತ್ರೆ ಕಟ್ಟಿಸಿದ ಪುಣ್ಯಾತ್ಗಿತ್ತಿ ಇರಬೇಕು ಎಂದರು. ಆ ತಾಯಿಯ ಹೆಸರು ಐಡಾ ಸೋಫಿಯಾ ಸ್ಕಡರ್ ಎಂದು ತಿಳಿದದ್ದು ಆಮೇಲೆ. ಅಂದಿನಿಂದ ಇಂದಿನವರೆಗೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಸ್ಕಡರ್ ಮನೆತನ ಅಮೆರಿಕದ್ದು. ಐಡಾ ಅವರ ತಾತ ಡಾ. ಜಾನ್ ಸ್ಕಡರ್ 1819ರಲ್ಲೇ ಹಡಗು ಹತ್ತಿ ಸಿಲೋನಿಗೆ, ಅಲ್ಲಿಂದ ಮದರಾಸಿಗೆ ಬಂದ ವೈದ್ಯ ಮಿಷನರಿ. ಅವರ ಮಕ್ಕಳೂ ಮೊಮ್ಮಕ್ಕಳೂ ಒಬ್ಬರ ಹಿಂದೊಬ್ಬರು ಆರ್ಕಾಟಿನ ಕಡೆ ಮಿಷನ್ ಕೆಲಸಕ್ಕೆ ನಿಂತರು. ಐಡಾ ಅವರ ತಂದೆಯ ಹೆಸರೂ ಜಾನ್, ಅವರೂ ಡಾಕ್ಟರು. ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಗಂಡುಮಕ್ಕಳ ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳು.

ಅವರಿಗೆ ಆರು ವರ್ಷವಾದಾಗ ಬಂದದ್ದು ಆ ದೊಡ್ಡ ಬರ. ನಮ್ಮ ಕಡೆ ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರಲ್ಲ, ಅದೇ. 1876ರಿಂದ 78ರವರೆಗೆ ಮೈಸೂರು ಸೀಮೆ, ಮದರಾಸು ಪ್ರಾಂತ್ಯ ಎರಡನ್ನೂ ಬಡಿಯಿತು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಮೈಸೂರು ಸಂಸ್ಥಾನದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾಗಿದ್ದರು. ನಮ್ಮ ಮುತ್ತಜ್ಜಿಯ ಕಾಲದಲ್ಲಿ ಕತ್ತಾಳೆ ಗೆಡ್ಡೆ ಬೇಯಿಸಿ ತಿಂದ ಕಥೆ ನಮ್ಮ ಮನೆಯಲ್ಲೂ ಇದೆ. ಆ ಬರದಲ್ಲಿ ಸ್ಕಡರ್ ಮನೆಯ ಅಂಗಳಕ್ಕೆ ಹಸಿದ ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ಕೈಯಲ್ಲಿ ಹಿಡಿದು ತಿನ್ನುವ ಶಕ್ತಿಯೂ ಇಲ್ಲದ ಮಕ್ಕಳ ಬಾಯಿಗೆ ಈ ಪುಟ್ಟ ಹುಡುಗಿ ರೊಟ್ಟಿ ಚೂರು ಇಡಬೇಕಿತ್ತು. ದಾರಿ ಬದಿಯಲ್ಲಿ ಸತ್ತು ಬಿದ್ದ ಮಕ್ಕಳನ್ನೂ ನೋಡಿದಳು. ಅದು ಜನ್ಮವಿಡೀ ಮರೆಯಲಿಲ್ಲ. ಆದರೆ ಅದನ್ನು ಕಂಡು ಮುಂದೆ ಸೇವೆ ಮಾಡುತ್ತೇನೆ ಎಂಬ ಆಸೆ ಹುಟ್ಟಿತೆಂದು ಯಾರೂ ತಿಳಿಯಬಾರದು. ಆದದ್ದು ತದ್ವಿರುದ್ಧ. ಈ ದೇಶದ ಸಹವಾಸವೇ ಬೇಡ ಎನಿಸಿತು.

ಬರದ ನಂತರ ಸಂಸಾರ ಅಮೆರಿಕಕ್ಕೆ ಹೋಯಿತು. ಕೆಲವು ವರ್ಷಗಳಲ್ಲಿ ಮೊದಲು ತಂದೆ, ಆಮೇಲೆ ತಾಯಿ ಭಾರತಕ್ಕೆ ಮರಳಿದರು. ಹುಡುಗಿ ನೆಂಟರ ಮನೆಯಲ್ಲಿ ಉಳಿದಳು. ತಾಯಿ ಹೊರಟ ದಿನ ತಾಯಿಯ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳೆಂದು ಅವರ ಜೀವನ ಬರೆದವರು ಹೇಳುತ್ತಾರೆ. ನಮ್ಮ ಮನೆತನದವರೆಲ್ಲ ಮಿಷನರಿಗಳಾಗಲಿ, ನಾನು ಮಾತ್ರ ಆಗುವುದಿಲ್ಲ ಎಂಬುದು ಆಕೆಯ ಹಟವಾಗಿತ್ತು. ನಾರ್ತ್‌ಫೀಲ್ಡ್ ಎಂಬಲ್ಲಿ ಹೆಣ್ಣುಮಕ್ಕಳ ಶಾಲೆಗೆ ಸೇರಿದರು. ಅಲ್ಲಿ ತುಂಟಿ, ಎಲ್ಲರಿಗೂ ಬೇಕಾದವಳು.

ತಾಯಿಗೆ ಕಾಯಿಲೆ ಎಂದು ಸುದ್ದಿ ಬಂದದ್ದರಿಂದ 1890ರಲ್ಲಿ ಮತ್ತೆ ಭಾರತಕ್ಕೆ ಬರಬೇಕಾಯಿತು. ತಾಯಿ ಚೇತರಿಸಿಕೊಳ್ಳುವವರೆಗೆ ಇದ್ದು, ಆಮೇಲೆ ವಾಪಸು ಹೋಗುವುದೆಂದು ಗಟ್ಟಿ ಮಾಡಿಕೊಂಡೇ ಬಂದರು. ತಂದೆ ಆಗ ಇದ್ದದ್ದು ತಿಂಡಿವನಂ ಎಂಬ ಊರಿನಲ್ಲಿ.

ಒಂದು ರಾತ್ರಿ ಬಂಗಲೆಯ ಬಾಗಿಲಿಗೆ ಒಬ್ಬ ಬ್ರಾಹ್ಮಣ ಯುವಕ ಬಂದ. ಅವನ ಹೆಂಡತಿ ಇನ್ನೂ ಹುಡುಗಿ, ಹೆರಿಗೆ ನೋವಿನಲ್ಲಿದ್ದಳು. ಸೂಲಗಿತ್ತಿಯರು ಕೈಚೆಲ್ಲಿದ್ದರು. ಐಡಾ ತನ್ನ ತಂದೆ ದೊಡ್ಡ ಡಾಕ್ಟರು, ಅವರನ್ನು ಕರೆದುಕೊಂಡು ಹೋಗು ಎಂದರು. ಗಂಡಸು ಬಂದು ನನ್ನ ಹೆಂಡತಿಯ ಮುಖ ನೋಡುವುದು ಆಗದ ಮಾತು, ನೀವೇ ಬನ್ನಿ ಎಂದು ಆತ ಕೈಮುಗಿದ. ಐಡಾಗೆ ಏನೂ ಬಾರದು. ಆತ ಹೊರಟುಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲ ಬಳಿ ಸದ್ದು. ಆತನೇ ಮನಸ್ಸು ಬದಲಿಸಿ ಬಂದನೇನೋ ಎಂದುಕೊಂಡು ನೋಡಿದರೆ ಒಬ್ಬ ಮುಸಲ್ಮಾನ. ಅವನದೂ ಅದೇ ಕಷ್ಟ, ಅದೇ ಉತ್ತರ. ಆಮೇಲೆ ಮೂರನೆಯವನು, ಇನ್ನೊಂದು ಮೇಲುಜಾತಿಯವನು. ಅವನೂ ಹಾಗೆಯೇ ಹಿಂತಿರುಗಿದ. ಆ ರಾತ್ರಿ ಐಡಾ ಮಲಗಲಿಲ್ಲ. ಬೆಳಗ್ಗೆ ಊರಿನ ಕಡೆಯಿಂದ ಸಾವಿನ ತಮಟೆ ಕೇಳಿಸಿತು. ಆಳನ್ನು ಕಳಿಸಿ ವಿಚಾರಿಸಿದರೆ ಮೂವರು ಹೆಂಗಸರೂ ಸತ್ತಿದ್ದರು.

ಒಂದು ಮಾತನ್ನು ಇಲ್ಲಿ ಹೇಳಬೇಕು. ಆ ಮೂವರು ಗಂಡಂದಿರನ್ನು ಬೈಯುವುದು ಇವತ್ತು ಸುಲಭ. ನಾನೂ ಎಷ್ಟೋ ವರ್ಷ ಬೈದುಕೊಂಡಿದ್ದೇನೆ. ಆದರೆ ಅವರು ರಾತ್ರಿಯಲ್ಲಿ, ಪರಧರ್ಮದವರ ಮನೆ ಬಾಗಿಲಿಗೆ ಬಂದು ಅಂಗಲಾಚಿದರು ಎಂಬುದೂ ನಿಜ. ಹೆಂಡತಿ ಬದುಕಲಿ ಎಂಬ ಆಸೆ ಇತ್ತು, ರೂಢಿ ಮೀರುವ ಧೈರ್ಯ ಇರಲಿಲ್ಲ. ಐಡಾ ಅವರನ್ನು ದೂರಲಿಲ್ಲ. ಅಲ್ಲಿ ಹೆಣ್ಣು ಡಾಕ್ಟರು ಒಬ್ಬರಿದ್ದಿದ್ದರೆ ಮೂರು ಜೀವ ಉಳಿಯುತ್ತಿತ್ತು ಎಂಬುದನ್ನಷ್ಟೇ ಹಿಡಿದುಕೊಂಡರು. ಬೆಳಗ್ಗೆ ತಂದೆತಾಯಿಯರ ಮುಂದೆ ನಿಂತು, ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಇಲ್ಲಿಗೇ ಬರುತ್ತೇನೆ ಎಂದರು.

ಈ ಕಥೆಯನ್ನು ನಮಗೆ ಹೇಳಿದ್ದು ಮಕ್ಕಳ ವಾರ್ಡಿನ ಒಬ್ಬ ನರ್ಸಮ್ಮ, ತಮಿಳಿನಲ್ಲಿ. ನಮ್ಮ ಕಡೆಯವರಿಗೆ ತಮಿಳು, ತೆಲುಗು ಅರೆಬರೆಯಾದರೂ ತಿಳಿಯುತ್ತದೆ. ಅಮ್ಮ ತಮ್ಮನ ಕಾಲು ನೀವುತ್ತ ಕೇಳುತ್ತಿದ್ದವರು ಕೈ ನಿಲ್ಲಿಸಿದರು. ಅವತ್ತು ಸಂಜೆ, ಬಾಡಿಗೆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಮುದ್ದೆಗೆ ಎಸರಿಟ್ಟಿದ್ದಾಗ, ನನಗೆ ಗೊತ್ತಿರದ ಒಂದು ವಿಷಯ ಹೇಳಿದರು. ಅಮ್ಮನಿಗೆ ಒಬ್ಬ ಅಕ್ಕ ಇದ್ದಳಂತೆ. ಹದಿನಾರಕ್ಕೆ ಬಸುರಿ. ಎರಡು ದಿನ ನೋವು ತಿಂದು, ಕೊನೆಗೆ ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಟಾಗ ದಾರಿಯಲ್ಲೇ, ಕೆರೆ ಏರಿಯ ಮೇಲೆ, ತೀರಿಕೊಂಡಳಂತೆ. ಗಂಡು ಡಾಕ್ಟರಿಗೆ ತೋರಿಸುವುದೋ ಬೇಡವೋ ಎಂದು ಮನೆಯ ಹಿರಿಯರು ಒಂದಿಡೀ ದಿನ ಮಾತಾಡಿಕೊಂಡೇ ಕಳೆದಿದ್ದರಂತೆ. ತಿಂಡಿವನದ ಆ ರಾತ್ರಿಯಾಗಿ ಅರವತ್ತು ವರ್ಷ ಕಳೆದ ಮೇಲೂ ನಮ್ಮ ಮನೆಯಲ್ಲಿ ನಡೆದದ್ದು ಅದೇ.

ಐಡಾ 1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ಕೊನೆಯಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿಗೆ ಬಂದು 1899ರಲ್ಲಿ ಪದವಿ ಪಡೆದರು. ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಶುರು ಮಾಡಿ ಆಗಿನ್ನೂ ಒಂದು ವರ್ಷವಾಗಿತ್ತು. ಹೊರಡುವ ಮುಂಚೆ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆಗೆ ಹಣ ಕೂಡಿಸಲು ಮನೆಮನೆ ತಿರುಗಿದರು. ಷೆಲ್ ಎಂಬ ಬ್ಯಾಂಕಿನ ಯಜಮಾನರು ತೀರಿಹೋದ ತಮ್ಮ ಹೆಂಡತಿಯ ನೆನಪಿಗೆಂದು ಒಬ್ಬರೇ ಹತ್ತು ಸಾವಿರ ಡಾಲರ್ ಕೊಟ್ಟರು.

1900ರ ಹೊಸವರ್ಷದ ಹೊತ್ತಿಗೆ ವೆಲ್ಲೂರಿಗೆ ಬಂದರು. ತಂದೆಯ ಕೈಕೆಳಗೆ ಕೆಲಸ ಕಲಿಯಬಹುದು ಎಂಬ ಧೈರ್ಯವಿತ್ತು. ಅದೇ ವರ್ಷ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಮೂವತ್ತೂ ತುಂಬದ ಹುಡುಗಿ ಡಾಕ್ಟರನ್ನು ಜನ ನಂಬಲಿಲ್ಲ. ಬಂಗಲೆಯ ಒಂದು ಸಣ್ಣ ಕೋಣೆಯೇ ಔಷಧಾಲಯ, ಒಂದು ಮಂಚವೇ ಆಸ್ಪತ್ರೆ. ಕೆಲಸಕ್ಕಿದ್ದ ಸಲೋಮಿ ಎಂಬ ಹೆಂಗಸಿಗೆ ಬ್ಯಾಂಡೇಜು ಕಟ್ಟುವುದು, ಔಷಧ ಅಳೆಯುವುದು ಕಲಿಸಿದರು. ವೆಲ್ಲೂರಿನ ಮೊದಲ ವಿದ್ಯಾರ್ಥಿನಿ ಆಕೆಯೇ ಎಂದು ನನ್ನ ಲೆಕ್ಕ. ಒಬ್ಬರಿಗೆ ಗುಣವಾಗಿ, ಅವರು ಇನ್ನೊಬ್ಬರಿಗೆ ಹೇಳಿ, ಎರಡು ವರ್ಷದಲ್ಲಿ ಸಾವಿರಾರು ಮಂದಿ ಬಂದುಹೋದರು. 1902ರಲ್ಲಿ ನಲವತ್ತು ಹಾಸಿಗೆಯ ಮೇರಿ ಟೇಬರ್ ಷೆಲ್ ಆಸ್ಪತ್ರೆ ತೆರೆಯಿತು.

ಆಸ್ಪತ್ರೆಗೆ ಬರಲಾಗದವರು ಹಳ್ಳಿಗಳಲ್ಲಿ ಇದ್ದೇ ಇದ್ದರು. ಅದಕ್ಕೆ ವಾರಕ್ಕೊಂದು ದಿನ ಐಡಾ ತಾವೇ ಗುಡಿಯಾತ್ತಂ ರಸ್ತೆಯಲ್ಲಿ ಹೊರಟರು. ನಮ್ಮ ವೈಟ್‌ಫೀಲ್ಡಿನಿಂದ ಕಾಟ್ಪಾಡಿಗೆ ಹೋಗುವ ರೈಲಿನಲ್ಲಿ ಆಂಬೂರು ದಾಟಿದ ಮೇಲೆ ಗುಡಿಯಾತ್ತಂ ಸ್ಟೇಷನ್ ಬರುತ್ತದೆ, ಅದೇ ಊರು. ಮೊದಲು ಎತ್ತಿನ ಗಾಡಿ. 1909ರ ಹೊತ್ತಿಗೆ ಯಾರೋ ದಾನ ಕೊಟ್ಟ ಫ್ರಾನ್ಸಿನ ಪ್ಯೂಜೊ ಮೋಟಾರು ಬಂತು. ಎತ್ತಿಲ್ಲದೆ ಕುದುರೆಯಿಲ್ಲದೆ ಗುಡುಗುಡು ಎನ್ನುತ್ತ ಬಂದ ಆ ಗಾಡಿ ನೋಡಿ ಹಳ್ಳಿಯವರು ದೆವ್ವವೆಂದು ಹೊಲಗಳಿಗೆ ಬಿದ್ದು ಓಡಿದರಂತೆ. ಕ್ರಮೇಣ ಡಾಕ್ಟರಮ್ಮ ಬರುವ ದಿನ ಎಲ್ಲರಿಗೂ ಗೊತ್ತಾಯಿತು. ರಸ್ತೆ ಬದಿಯ ದೊಡ್ಡ ಮರಗಳ ಕೆಳಗೆ ಬೆಳಗಿನಿಂದಲೇ ಜನ ಕಾಯುತ್ತಿದ್ದರು. ಹೆಚ್ಚಿನವರ ಸೊಂಟದಲ್ಲಿ ಮಕ್ಕಳು. ಕಣ್ಣುಬೇನೆ, ಕಜ್ಜಿ, ಹುಣ್ಣು, ಭೇದಿ, ಜ್ವರಗೆಡ್ಡೆ. ಗಾಡಿ ನಿಲ್ಲುತ್ತಿದ್ದಂತೆ ಪೆಟ್ಟಿಗೆ ತೆರೆದು, ಹುಣ್ಣು ತೊಳೆದು, ಔಷಧ ಕೊಟ್ಟು, ಆಪರೇಷನ್ ಬೇಕಾದವರನ್ನು ಗಾಡಿಯಲ್ಲೇ ಕೂರಿಸಿಕೊಂಡು ವೆಲ್ಲೂರಿಗೆ ಹೋಗುತ್ತಿದ್ದರು.

ಮರದ ಕೆಳಗೆ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೆಲಸ ನಾನೂ ಮಾಡಿದ್ದೇನೆ. ಇಪ್ಪತ್ತು ಮಗು ನೋಡುವಷ್ಟರಲ್ಲಿ ಇನ್ನೂ ನಲವತ್ತು ಸಾಲಿನಲ್ಲಿರುತ್ತವೆ. ಕತ್ತಲಾದಾಗ ಉಳಿದವರನ್ನು ಮುಂದಿನ ವಾರ ಬನ್ನಿ ಎಂದು ಕಳಿಸಬೇಕು. ಆ ಮುಂದಿನ ವಾರ ಕೆಲವು ಮಕ್ಕಳು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಲು ಬಾಯಿ ಬರುವುದಿಲ್ಲ. ಗುಡಿಯಾತ್ತಂ ರಸ್ತೆಯಲ್ಲಿ ಐಡಾ ಅವರಿಗೂ ಹೀಗೇ ಆಗಿರಬೇಕು. ತಾನು ಒಬ್ಬಳು ಎಷ್ಟು ದುಡಿದರೂ ಎಟುಕುವುದಿಲ್ಲ ಎಂಬುದು ಆ ರಸ್ತೆಯ ಮೇಲೆ ಅವರಿಗೆ ಮನದಟ್ಟಾಯಿತು. ಇಲ್ಲಿಂದ ಮುಂದಿನ ಅವರ ಬದುಕು ಚಿಕಿತ್ಸೆಯದ್ದಕ್ಕಿಂತ ಹೆಚ್ಚಾಗಿ ಪಾಠದ್ದು.

1909ರಲ್ಲಿ ನರ್ಸ್‌ಗಳ ತರಬೇತಿ ಶಾಲೆ ಆರಂಭವಾಯಿತು. ಅದನ್ನು ಕಟ್ಟಿದವರು ಡೀಲಿಯಾ ಹೌಟನ್ ಎಂಬ ನರ್ಸ್. ಆಗ ನರ್ಸ್ ಕೆಲಸವೆಂದರೆ ಮೈಲಿಗೆಯ ಕೆಲಸ, ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳಿಗಲ್ಲ ಎಂಬ ಭಾವನೆ. (1982ರಲ್ಲಿ ನಾನು ತರಬೇತಿಗೆ ಸೇರಿದಾಗಲೂ ನಮ್ಮ ಬೀದಿಯಲ್ಲಿ ಅದೇ ಮಾತಿತ್ತು.) ಆಮೇಲೆ ಐಡಾ ಹೆಣ್ಣುಮಕ್ಕಳಿಗೆ ಡಾಕ್ಟರ್ ಶಾಲೆಯನ್ನೇ ತೆರೆಯುತ್ತೇನೆ ಎಂದು ಹೊರಟರು. ಮದರಾಸಿನ ವೈದ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ಕರ್ನಲ್ ಬ್ರೈಸನ್ ಅವರಿಗೆ ನಗು ಬಂತು. ಬೆರಳೆಣಿಕೆಯಷ್ಟು ಅರ್ಜಿ ಬಂದರೆ ನಿಮ್ಮ ಅದೃಷ್ಟ ಎಂದರು. ಅರ್ಜಿಗಳು ರಾಶಿ ಬಂದವು. ಎಲ್ಲರನ್ನೂ ಸೇರಿಸಿಕೊಳ್ಳಲು ಜಾಗವಿರಲಿಲ್ಲ. 1918ರ ಆಗಸ್ಟಿನಲ್ಲಿ ಶಾಲೆ ಆರಂಭವಾಯಿತು. ಬಾಡಿಗೆ ಕಟ್ಟಡ, ಒಂದು ಅಸ್ಥಿಪಂಜರ, ಒಂದು ಮೈಕ್ರೋಸ್ಕೋಪು, ಒಂದೆರಡು ಪುಸ್ತಕ. ಪಾಠ ಹೇಳಲು, ಆಪರೇಷನ್ ಮಾಡಲು, ರಾತ್ರಿ ಹೆರಿಗೆಗೆ ಏಳಲು ಎಲ್ಲಕ್ಕೂ ಐಡಾ. ಎರಡು ಕೊಠಡಿಯ ಕಲ್ನಾರು ಶೀಟಿನ ನಮ್ಮ ಶಾಲೆಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ವರ್ಷದ ಕೊನೆಗೆ ಹುಡುಗಿಯರು ಪರೀಕ್ಷೆಗೆ ಮದರಾಸಿಗೆ ಹೋದರು. ಪ್ರಾಂತ್ಯದ ವೈದ್ಯಶಾಲೆಗಳ ಗಂಡುಹುಡುಗರ ಜೊತೆ ಕೂತು ಬರೆಯಬೇಕು. ಗಂಡುಹುಡುಗರಲ್ಲೇ ಬಹುಪಾಲು ನಪಾಸಾಗುವ ಪರೀಕ್ಷೆ, ನಿಮ್ಮ ಹುಡುಗಿಯರು ಒಬ್ಬರೂ ಪಾಸಾಗದಿದ್ದರೂ ಎದೆಗುಂದಬೇಡಿ ಎಂದು ಬ್ರೈಸನ್ ಸಮಾಧಾನ ಹೇಳಿದ್ದರು. ಫಲಿತಾಂಶ ಬಂದಾಗ ವೆಲ್ಲೂರಿನವರು ಒಬ್ಬರೂ ನಪಾಸಾಗಿರಲಿಲ್ಲ. 1922ರಲ್ಲಿ ಆ ಮೊದಲ ತಂಡದಿಂದ ಹದಿನಾಲ್ಕು ಮಂದಿ ಡಾಕ್ಟರಾಗಿ ಹೊರಬಂದರು. ತಿಂಡಿವನದಲ್ಲಿ ಒಂದು ರಾತ್ರಿ ಒಬ್ಬರೂ ಇರಲಿಲ್ಲ. ಈಗ ಹದಿನಾಲ್ಕು.

ಮುಂದಿನ ಹದಿನೈದು ವರ್ಷ ಆಸ್ಪತ್ರೆ ದೊಡ್ಡದಾಯಿತು, ಬಾಗಾಯಂ ಎಂಬಲ್ಲಿ ಕಾಲೇಜಿನ ಕಟ್ಟಡಗಳು ಎದ್ದವು. ಇದನ್ನೆಲ್ಲ ವಿಸ್ತಾರವಾಗಿ ಬರೆಯುವುದಿಲ್ಲ. ಐಡಾ ಮದುವೆಯಾಗಲಿಲ್ಲ. ಗೆರ್ಟ್ರೂಡ್ ಡಾಡ್ ಎಂಬ ಗೆಳತಿ ತಮ್ಮ ಆಸ್ತಿಯ ಹಣವನ್ನೂ ಆಯುಷ್ಯವನ್ನೂ ವೆಲ್ಲೂರಿಗೇ ಕೊಟ್ಟರು. ಬೇಸಿಗೆಯಲ್ಲಿ ಇಬ್ಬರೂ ಕೊಡೈಕನಾಲಿಗೆ ಹೋಗುತ್ತಿದ್ದರು. ಅಲ್ಲಿ ಅರವತ್ತು ದಾಟಿದ ಐಡಾ ಟೆನಿಸ್ ಪಂದ್ಯಕ್ಕೆ ನಿಂತಾಗ ಎದುರಾಳಿ ಹುಡುಗಿ ಈ ಅಜ್ಜಿಯ ಜೊತೆ ಆಡಬೇಕೇ ಎಂದು ಮುಖ ಸಿಂಡರಿಸಿದಳಂತೆ. ಅದು ಅಜ್ಜಿಯ ಕಿವಿಗೆ ಬಿತ್ತು. ಹುಡುಗಿ ಸೋತು ಸುಣ್ಣವಾದಳು. ನಮ್ಮ ಶಾಲೆಯ ಆಟದ ಮೇಷ್ಟ್ರುಗಳಿಗೆ ಈ ಭಾಗ ಇಷ್ಟವಾಗಬಹುದೆಂದು ಬರೆದೆ.

1937ರ ನಂತರ ದೊಡ್ಡ ಪೆಟ್ಟು ಬಿತ್ತು. ಡಿಪ್ಲೊಮಾ ಮಟ್ಟದ ವೈದ್ಯಶಾಲೆಗಳು ಇನ್ನು ಬೇಡ, ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯೇ ಆಗಬೇಕು ಎಂದು ಸರ್ಕಾರ ನಿಯಮ ಮಾಡಿತು. ನಿಯಮ ಸರಿಯಾದದ್ದೇ. ಆದರೆ ಅದಕ್ಕೆ ಬೇಕಾದ ಪ್ರಯೋಗಾಲಯ, ಪ್ರಾಧ್ಯಾಪಕರು, ಹಾಸಿಗೆಗಳು ವೆಲ್ಲೂರಿನಲ್ಲಿ ಇರಲಿಲ್ಲ. ಶಾಲೆ ಮುಚ್ಚುವ ಸ್ಥಿತಿ ಬಂತು. ಬೇರೆಯವರಾದರೆ ವಿಶ್ರಾಂತಿ ಪಡೆಯುವ ಎಪ್ಪತ್ತರ ವಯಸ್ಸಿನಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗ, ಐಡಾ ಅಮೆರಿಕದಲ್ಲಿ ಊರೂರು ತಿರುಗಿ ಭಾಷಣ ಮಾಡಿ ಹಣ ಎತ್ತಿದರು. ಅಲ್ಲೊಂದು ತೊಡಕೂ ಎದುರಾಯಿತು. ಪುರುಷರ ಮಿಷನ್‌ಗಳೂ ಸೇರಿ ಕೈಜೋಡಿಸಿದರೆ ಮಾತ್ರ ಕಾಲೇಜು ಉಳಿಯುತ್ತದೆ, ಹಾಗಾದರೆ ಗಂಡುಹುಡುಗರನ್ನೂ ಸೇರಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆಂದೇ ಮೊದಲಿನಿಂದ ಹಣ ಕೊಟ್ಟಿದ್ದ ಹಳೆಯ ಗೆಳತಿಯರು ಇದು ದ್ರೋಹ ಎಂದು ಮುನಿದರು. ಐಡಾ ಅವರಿಗೂ ನೋವಾಯಿತು. ಕೊನೆಗೆ ಒಪ್ಪಿಕೊಂಡರು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಆದರೆ ಗೆಳತಿಯರ ಸಿಟ್ಟೂ ನನಗೆ ಅರ್ಥವಾಗುತ್ತದೆ. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಶುರುವಾಯಿತು. 1947ರಲ್ಲಿ ಗಂಡುಹುಡುಗರು ಬಂದರು. ಐಡಾ ಅವರು ಹೊಣೆ ಬಿಟ್ಟುಕೊಟ್ಟ ಮೇಲೆ, ಕೆಲವೇ ವರ್ಷಗಳಲ್ಲಿ ಕಾಲೇಜಿನ ಮುಖ್ಯ ಸ್ಥಾನಕ್ಕೆ ನಮ್ಮ ದೇಶದವರೇ ಆದ ಡಾ. ಹಿಲ್ಡಾ ಲಾಜರಸ್ ಬಂದರು.

ಐಡಾ ಮಿಷನರಿಯಾಗಿ ಬಂದವರು, ತಮ್ಮ ಧರ್ಮವನ್ನು ಮುಚ್ಚಿಟ್ಟವರಲ್ಲ. ವಾರ್ಡಿನಲ್ಲಿ ಬೆಳಗಿನ ಪ್ರಾರ್ಥನೆ ನಮ್ಮ ಕಾಲದಲ್ಲೂ ಇತ್ತು. ಅಮ್ಮ ಆ ಹೊತ್ತಿಗೆ ಸೆರಗಿನ ಗಂಟಿನಲ್ಲಿದ್ದ ಗ್ರಾಮದೇವತೆಯ ಕುಂಕುಮವನ್ನು ತಮ್ಮನ ಹಣೆಗೆ ಇಡುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ.

ಮೇಷ್ಟ್ರು ಹೇಳಿದ ಶ್ವೈಟ್ಜರರೂ ದೊಡ್ಡವರೇ. 1952ರ ಶಾಂತಿ ನೊಬೆಲ್ ಪಡೆದರು, ಬಂದ ಹಣವನ್ನು ಕುಷ್ಠರೋಗಿಗಳ ವಸತಿಗೆ ಹಾಕಿದರು. ಪ್ರಪಂಚಕ್ಕೆಲ್ಲ ಅವರ ಹೆಸರು ಗೊತ್ತು. ಆದರೆ ಅವರ ಆಸ್ಪತ್ರೆಯಲ್ಲಿ ಕೊನೆಯವರೆಗೂ ಡಾಕ್ಟರುಗಳು ಹೆಚ್ಚಾಗಿ ಯೂರೋಪಿನಿಂದಲೇ ಬಂದರು. ಐಡಾ ಅವರು ತಾನಿಲ್ಲದಿದ್ದರೂ ನಡೆಯುವಂತೆ ಇಲ್ಲಿಯ ಹುಡುಗಿಯರ ಕೈಗೆ ಕತ್ತರಿ, ಸೂಜಿ ಕೊಟ್ಟರು. ಇಬ್ಬರಲ್ಲಿ ಯಾರು ಹೆಚ್ಚು ಎಂದು ತೂಗುವ ಯೋಗ್ಯತೆ ನನಗಿಲ್ಲ. ನರ್ಸ್ ಆಗಿ ನನಗೆ ಎರಡನೆಯದು ಹೆಚ್ಚು ಹತ್ತಿರ.

1948ರಲ್ಲಿ ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮಡಚಿಹೋದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ತೋರಿಸಿದರು. ಐಡಾ ಅದನ್ನು ಕಂಡರು. 1960ರ ಮೇ 24ರಂದು ಕೊಡೈಕನಾಲಿನ ಮನೆಯಲ್ಲಿ ತೀರಿಕೊಂಡರು. ಎಂಬತ್ತೊಂಬತ್ತು ವರ್ಷ. ಮಾರನೆಯ ವರ್ಷ, 1961ರಲ್ಲಿ, ಅದೇ ಆಸ್ಪತ್ರೆಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ಅದನ್ನು ಅವರು ಕಾಣಲಿಲ್ಲ.

ಅದಾಗಿ ಹದಿನಾರು ವರ್ಷಕ್ಕೆ ನನ್ನ ತಮ್ಮನ ಸರದಿ. ಅವನಿಗಿದ್ದದ್ದು ಹೃದಯದ ತೂತಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಹೃದಯದ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಸಣ್ಣ ನಾಳವಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾನಾಗಿ ಮುಚ್ಚಬೇಕು. ಇವನದು ಮುಚ್ಚಿರಲಿಲ್ಲ. ಎದೆಯ ಎಡಪಕ್ಕ ತೆರೆದು ಅದನ್ನು ಕಟ್ಟಿದರು. ಆಪರೇಷನ್ ಮುಗಿಸಿ ಹೊರಗೆ ಬಂದು ಅಮ್ಮನ ಭುಜ ಮುಟ್ಟಿ ಹೇಳಿದ ತಂಡದಲ್ಲಿ ಒಬ್ಬಾಕೆ ಹೆಣ್ಣು ಡಾಕ್ಟರು. ನಮ್ಮ ಹಾಗೆಯೇ ಕಪ್ಪಗೆ, ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿದ್ದರು. ಅಮ್ಮ ಆಕೆಯ ಪಾದ ಮುಟ್ಟಲು ಬಗ್ಗಿದಾಗ ಆಕೆ ಹಿಂದೆ ಸರಿದು, ನನ್ನನ್ನು ನೋಡಿ ಎಷ್ಟನೇ ಕ್ಲಾಸು ಎಂದು ಕೇಳಿದರು. ನಾನು ಎಂಟು ಎಂದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ನಲವತ್ತು ದಿನದ ಮೇಲೆ ವಾಪಸು ಹೊರಟೆವು. ಜೋಲಾರಪೇಟೆಯಲ್ಲಿ ಗಾಡಿಗೆ ಮೂರು ಗಂಟೆ ಕಾಯಬೇಕಿತ್ತು. ಅಪ್ಪನೆದುರು ಯಾವತ್ತೂ ದನಿ ಎತ್ತದ ಅಮ್ಮ ಅವತ್ತು ಆ ಪ್ಲಾಟ್‌ಫಾರ್ಮಿನ ಮೇಲೆ ನನ್ನನ್ನು ಶಾಲೆ ಬಿಡಿಸುವ ಮಾತು ಇನ್ನು ಎತ್ತಬಾರದು ಎಂದರು. ಅಪ್ಪ ಎತ್ತಿನ ಸಾಲ, ಹುಡುಗಿಯ ವಯಸ್ಸು, ಊರವರ ಮಾತು ಎಲ್ಲ ಹೇಳಿದರು. ಅಮ್ಮ ತನ್ನ ಅಕ್ಕನ ಹೆಸರು ಹೇಳಿದರು. ಅಪ್ಪ ಸುಮ್ಮನಾದರು. ಊರಿಗೆ ಬಂದ ಮೇಲೆ ಹಾಜರಿ ಸಾಲದೆಂದು ನನಗೆ ಪರೀಕ್ಷೆಗೆ ಕೂರಲು ಆಗುವುದಿಲ್ಲ ಎಂಬ ಪ್ರಶ್ನೆ ಬಂತು. ಆಗಿನ ಮುಖ್ಯೋಪಾಧ್ಯಾಯರು ಆಸ್ಪತ್ರೆಯ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ಓದಿ, ಪರೀಕ್ಷೆಗೆ ಕೂರಿಸಿದರು. ವಿಜ್ಞಾನದ ಮೇಷ್ಟ್ರು ತಪ್ಪಿಹೋದ ಪಾಠಗಳನ್ನು ಸಂಜೆ ಹೇಳಿಕೊಟ್ಟರು. ಐಡಾ ಸ್ಕ‌ಡರ್ ಕಥೆಯನ್ನು ಅವರಿಗೆ ಹೇಳಿದವಳು ನಾನು.

ತಮ್ಮನೂ ಇದೇ ಶಾಲೆಯಲ್ಲಿ ಓದಿ, ಕಬಡ್ಡಿ ತಂಡದಲ್ಲಿದ್ದ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅವನ ಎಡ ಹೆಗಲಿನ ಕೆಳಗಿನ ಉದ್ದನೆಯ ಗಾಯದ ಗುರುತು ನೆನಪಿರಬಹುದು. ಎತ್ತು ಮಾರಿದ ಮೇಲೆ ಉಳಿದ ಸಾಲಕ್ಕೆ ಹೋದ ಆ ಅರ್ಧ ಎಕರೆ ರಾಗಿ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟು ಎದ್ದಿದೆ. 2001ರಲ್ಲಿ ವೈಟ್‌ಫೀಲ್ಡಿನಲ್ಲೇ ಸತ್ಯಸಾಯಿ ಆಸ್ಪತ್ರೆ ಬಂದು ಹೃದಯದ ಆಪರೇಷನ್ ಉಚಿತವಾಗಿ ಮಾಡಲು ಶುರು ಮಾಡಿದಾಗ, ಇವನು ಇಪ್ಪತ್ತೈದು ವರ್ಷ ತಡವಾಗಿ ಹುಟ್ಟಿದ್ದರೆ ಎತ್ತು ಉಳಿಯುತ್ತಿದ್ದವು ಎಂದು ಅಪ್ಪ ನಗೆಯಾಡಿದ್ದರು.

ಈಗ ಸುತ್ತಮುತ್ತ ಆಸ್ಪತ್ರೆಗಳಿಗೆ ಕೊರತೆಯಿಲ್ಲ, ಮೆಟ್ರೊ ಕೂಡ ಬಂದಿದೆ. ಆದರೂ ತಿಂಗಳಿಗೆ ಒಬ್ಬಿಬ್ಬರಾದರೂ ವೆಲ್ಲೂರಿಗೆ ಹೋಗುವುದು ಹೇಗೆ ಎಂದು ಕೇಳಿಕೊಂಡು ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಬರೆಯುತ್ತೇನೆ. ಇಳಿಯಬೇಕಾದದ್ದು ಕಾಟ್ಪಾಡಿಯಲ್ಲಿ, ಅಲ್ಲಿಂದ ಬಸ್ಸು ಸಿಗುತ್ತದೆ. ಒಂದು ವಾರಕ್ಕಾಗುವಷ್ಟು ಬಟ್ಟೆ ಇರಲಿ. ಮಗುವಿನ ಹಳೆಯ ಚೀಟಿ, ಎಕ್ಸ್-ರೇ, ಒಂದನ್ನೂ ಬಿಡದೆ ತೆಗೆದುಕೊಂಡು ಹೋಗಿ.